ಲಕಮನಹಳ್ಳಿಯಿಂದ ನೇತ್ರಾಣಿಗೆ: ಕ್ರಿಸ್‌ಮಸ್ ರಜೆಯ ದ್ವೀಪಯಾನ, ಹಂತ ಹಂತವಾಗಿ

ಡಿಸೆಂಬರ್ ಬಂತೆಂದರೆ ಧಾರವಾಡದ ಲಕಮನಹಳ್ಳಿ, ಗಾಂಧಿನಗರ, ಸತ್ತೂರು ಕಡೆಯ ಮನೆಗಳಲ್ಲಿ ರಜೆಯ ಮಾತು ಶುರುವಾಗುತ್ತದೆ. ಮಕ್ಕಳು ಕಾನ್ವೆಂಟ್ ಶಾಲೆಯಲ್ಲಿದ್ದರೆ ಕ್ರಿಸ್‌ಮಸ್‌ಗೆ ನಾಲ್ಕಾರು ದಿನ ಬಿಡುವು ಸಿಗುತ್ತದೆ, ಕಾರ್ಖಾನೆಯವರಿಗೆ ವರ್ಷದ ಉಳಿದ ರಜೆ ಮುಗಿಸುವ ಅವಸರ. ಗೋವಾ ಎನ್ನುತ್ತಾರೆ ಒಬ್ಬರು, ಅಂಡಮಾನ್ ಎನ್ನುತ್ತಾರೆ ಇನ್ನೊಬ್ಬರು. ಹವಳ, ಬಣ್ಣದ ಮೀನು, ಕಡಲಾಮೆ ಇರುವ ಉಷ್ಣವಲಯದ ದ್ವೀಪವೊಂದು ಅರೆಬೈಲ್ ಘಟ್ಟ ಇಳಿದರೆ ನಮ್ಮ ಉತ್ತರ ಕನ್ನಡದಲ್ಲೇ ಇದೆ ಎಂಬುದು ಎಷ್ಟೋ ಮಂದಿಗೆ ಹೊಳೆಯುವುದಿಲ್ಲ. ಅದು ಮುರ್ಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ. ಮೊದಲ ಸಲ ಹೊರಡುವವರಿಗಾಗಿ ಈ ಬರಹ.

ಒಂದು ಸೂತ್ರವನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಹಂತಗಳೆಲ್ಲ ಇದರ ಮೇಲೇ ನಿಂತಿವೆ. ನಾವು ಸಾಮಾನ್ಯವಾಗಿ ಬಸ್ಸು, ಕೋಣೆ, ನೋಡುವ ಜಾಗ ಎಂಬ ಕ್ರಮದಲ್ಲಿ ಪ್ರವಾಸ ಹೂಡುತ್ತೇವೆ. ದ್ವೀಪಕ್ಕೆ ಈ ಕ್ರಮ ಒಗ್ಗುವುದಿಲ್ಲ. ಸಮುದ್ರ ಯಾವ ಹೊತ್ತಿಗೆ ದಾರಿ ಕೊಡುತ್ತದೋ ಅದನ್ನು ಮೊದಲು ಹಿಡಿದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಲಕಮನಹಳ್ಳಿಯ ನಮ್ಮ ಮನೆ ಬಾಗಿಲಿಗೆ ಬರಬೇಕು.

ಹಂತ 1: ಯಾವ ದ್ವೀಪ ಎಂದು ತೀರ್ಮಾನಿಸಿ

ಅಂಡಮಾನ್ ಚಂದದ ಜಾಗ, ಅನುಮಾನವಿಲ್ಲ. ಆದರೆ ಇಲ್ಲಿಂದ ಬೆಂಗಳೂರಿಗೆ ಹೋಗಿ, ವಿಮಾನ ಹತ್ತಿ ಪೋರ್ಟ್ ಬ್ಲೇರ್‌ನಲ್ಲಿ ಇಳಿಯಬೇಕು. 2024ರ ಸೆಪ್ಟೆಂಬರ್‌ನಿಂದ ಆ ಊರಿನ ಹೆಸರು ಶ್ರೀ ವಿಜಯಪುರಂ. ಅಲ್ಲಿಂದ ಮತ್ತೆ ಹಡಗು ಹಿಡಿದು ಸ್ವರಾಜ್ ದ್ವೀಪಕ್ಕೆ, ಅಂದರೆ ಹಳೆಯ ಹ್ಯಾವ್‌ಲಾಕ್‌ಗೆ ಹೋಗಬೇಕು. ಹೋಗಿಬರುವುದರಲ್ಲೇ ಎರಡು ಮೂರು ದಿನ ಕಳೆಯುತ್ತವೆ, ಕ್ರಿಸ್‌ಮಸ್ ವಾರದಲ್ಲಿ ವಿಮಾನದ ದರ ಗಗನಕ್ಕೇರುತ್ತದೆ. ಒಂದು ವಾರ ಬಿಡುವು ಮತ್ತು ಮೂರು ತಿಂಗಳ ಮುಂಚಿನ ತಯಾರಿ ಇದ್ದರೆ ಮಾತ್ರ ಆ ಕಡೆ ನೋಡಿ.

ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ಹಡಗು ವಿಮಾನಗಳು ಹೆಚ್ಚಾಗಿ ಕೊಚ್ಚಿಯಿಂದ ಹೊರಡುತ್ತವೆ. ಆ ದ್ವೀಪಗಳ ಜೊತೆ ಕನ್ನಡ ನಾಡಿಗೆ ಹಳೆಯ ನಂಟಿದೆ. ಅಮಿನಿ, ಕದ್‌ಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಎಂಬ ಅಮಿನ್‌ದಿವಿ ದ್ವೀಪಗಳು ಟಿಪ್ಪು ಸುಲ್ತಾನನ ಕೈಯಲ್ಲಿದ್ದು, 1799ರ ನಂತರ ಬ್ರಿಟಿಷರ ಪಾಲಾಗಿ, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ನವೆಂಬರ್ 1ರಂದು ನಾವು ಏಕೀಕರಣ ಆಚರಿಸುತ್ತೇವಲ್ಲ, ಅದೇ ದಿನ ಅವು ಬೇರೆ ಕೇಂದ್ರಾಡಳಿತ ಪ್ರದೇಶವಾದವು. ಮಂಗಳೂರಿನ ಹಳೇ ಬಂದರಿನಿಂದ ಅಕ್ಕಿ, ತರಕಾರಿ, ಇಟ್ಟಿಗೆ, ಸಿಮೆಂಟು ಇಂದಿಗೂ ಅತ್ತ ಹೋಗುತ್ತವೆ. ಹೋಗಬೇಕೆಂಬ ಆಸೆ ನಿಜಕ್ಕೂ ಹುಟ್ಟುತ್ತದೆ, ಆದರೆ ಮೊದಲ ದ್ವೀಪಯಾನಕ್ಕೆ ಅಷ್ಟು ಕಾಗದಪತ್ರ ಬೇಡ.

ನೇತ್ರಾಣಿಗೆ ಪರವಾನಗಿ ಬೇಡ, ವಿಮಾನ ಬೇಡ, ಮೂರ್ನಾಲ್ಕು ದಿನ ಸಾಕು. ಒಂದು ಮಾತು ಮಾತ್ರ ತಿಳಿದಿರಲಿ: ಅಲ್ಲಿ ದ್ವೀಪದ ಮೇಲೆ ಕಾಲಿಡುವಂತಿಲ್ಲ. ಜನವಸತಿ ಇಲ್ಲದ, ಕಡಿದಾದ ಬಂಡೆಯ ದ್ವೀಪ ಅದು. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತ ಬಂದಿದೆ. ದೋಣಿ ಪಕ್ಕದಲ್ಲಿ ಲಂಗರು ಹಾಕುತ್ತದೆ, ನೀವು ನೀರಿಗೆ ಇಳಿಯುತ್ತೀರಿ. ನೇತ್ರಾಣಿಯ ಸೊಬಗೆಲ್ಲ ನೀರಿನ ಅಡಿಯಲ್ಲಿದೆ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ನೋಡಿದವರಿಗೆ ಆ ನೀಲಿ ನೆನಪಿರಬೇಕು.

ದ್ವೀಪದ ಮರಳ ಮೇಲೆ ನಡೆಯಲೇಬೇಕು, ಮನೆಯಲ್ಲಿ ಅಜ್ಜಿ ತಾತ ಅಥವಾ ಚಿಕ್ಕ ಮಕ್ಕಳಿದ್ದಾರೆ ಎಂದರೆ ಇನ್ನಷ್ಟು ದಕ್ಷಿಣಕ್ಕೆ ಹೋಗಿ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ಹಿಡಿಯಿರಿ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಇಳಿದನೆಂಬ ಐತಿಹ್ಯವಿದೆ. ಅದಕ್ಕಿಂತ ದೊಡ್ಡ ಕಥೆ ಅಲ್ಲಿನ ಕಂಬಗಲ್ಲುಗಳದು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಹರಿದ ಲಾವಾ ತಣ್ಣಗಾಗಿ ಆದ ಕಲ್ಲುಗಳವು.

ಹಂತ 2: ದಿನ ಗೊತ್ತುಮಾಡಿ

2026ರಲ್ಲಿ ಕ್ರಿಸ್‌ಮಸ್ ಶುಕ್ರವಾರ ಬರುತ್ತದೆ. ಶುಕ್ರ, ಶನಿ, ರವಿ ಮೂರೂ ದಿನ ಕರಾವಳಿ ತುಂಬಿ ತುಳುಕುವುದು ಖಂಡಿತ. ಶಾಲಾ ಪ್ರವಾಸದ ಬಸ್ಸುಗಳೂ ಡಿಸೆಂಬರ್‌ನಲ್ಲೇ ಮುರ್ಡೇಶ್ವರಕ್ಕೆ ಬರುತ್ತವೆ. ಆದ್ದರಿಂದ ನನ್ನ ಸಲಹೆ: ದೋಣಿಯ ದಿನವನ್ನು ಬುಧವಾರ 23ಕ್ಕೆ ಇಟ್ಟುಕೊಳ್ಳಿ. ಮಂಗಳವಾರ ಲಕಮನಹಳ್ಳಿ ಬಿಡಿ, ಬುಧವಾರ ಸಮುದ್ರ, ಗುರುವಾರ ದಂಡೆಯಲ್ಲೇ ವಿಶ್ರಾಂತಿ, ಆ ರಾತ್ರಿ ಕರಾವಳಿಯ ಕ್ರಿಸ್‌ಮಸ್ ನೋಡಿ ಶುಕ್ರವಾರ ಊರಿಗೆ. ಎಲ್ಲರೂ ಘಟ್ಟ ಇಳಿಯುವ ಹೊತ್ತಿಗೆ ನೀವು ಹತ್ತುತ್ತಿರುತ್ತೀರಿ.

ಹವಾಮಾನದ ಮಟ್ಟಿಗೆ ಡಿಸೆಂಬರ್ ಒಳ್ಳೆಯ ತಿಂಗಳು. ಮಳೆಗಾಲದ ಕೆಸರು ತಳಕ್ಕಿಳಿದು ನೀರು ತಿಳಿಯಾಗಿರುತ್ತದೆ. ಆದರೂ ಅರಬ್ಬೀ ಸಮುದ್ರವನ್ನು ಪೂರ್ತಿ ನಂಬಲಾಗದು. 2017ರಲ್ಲಿ ಓಖಿ ಚಂಡಮಾರುತ ಬಂದದ್ದು ನವೆಂಬರ್ ಕೊನೆ, ಡಿಸೆಂಬರ್ ಮೊದಲ ವಾರದಲ್ಲೇ. ಹೊರಡುವ ಮೂರು ದಿನ ಮುಂಚಿನಿಂದ ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನೂ, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆಗಳ ಮುನ್ಸೂಚನೆಯನ್ನೂ ನೋಡುತ್ತಿರಿ. ಎರಡೂ ಪುಕ್ಕಟೆ ಸಿಗುತ್ತವೆ. ಮೀನುಗಾರರು ಇಳಿಯದ ದಿನ ನೀವೂ ಇಳಿಯಬೇಡಿ.

ಹಂತ 3: ದೋಣಿ ಮೊದಲು, ಕೋಣೆ ಆಮೇಲೆ

ಮುರ್ಡೇಶ್ವರದಲ್ಲಿ ಸ್ಕೂಬಾ ನಡೆಸುವ ಸಂಸ್ಥೆಗಳು ಹಲವಿವೆ. ದರ ತಲೆಗೆ ನಾಲ್ಕೈದು ಸಾವಿರ ರೂಪಾಯಿಯ ಆಸುಪಾಸು ಎಂದಿಟ್ಟುಕೊಳ್ಳಿ, ಕ್ರಿಸ್‌ಮಸ್‌ನಲ್ಲಿ ಏರಬಹುದು. ನವೆಂಬರ್ ಮೊದಲ ವಾರದಲ್ಲೇ ಫೋನ್ ಹಚ್ಚಿ. ಎಲ್ಲಿ ಕಡಿಮೆ ಎಂದು ಹುಡುಕುವ ಬದಲು ಈ ಪ್ರಶ್ನೆಗಳನ್ನು ಕೇಳಿ:

ನನ್ನ ಜೊತೆ ನೀರಿಗೆ ಇಳಿಯುವ ಶಿಕ್ಷಕರಿಗೆ ಪ್ಯಾಡಿ ಅಥವಾ ಎಸ್ಎಸ್ಐ ಪ್ರಮಾಣಪತ್ರ ಇದೆಯೇ? ಒಬ್ಬ ಶಿಕ್ಷಕರ ಕೈಯಲ್ಲಿ ಒಂದು ಹೊತ್ತಿಗೆ ಎಷ್ಟು ಜನ ಹೊಸಬರು? ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಎಲ್ಲರಿಗೂ ಲೈಫ್ ಜಾಕೆಟ್ ಇವೆಯೇ? ಸಮುದ್ರ ಕೆಟ್ಟು ದೋಣಿ ಹೋಗದಿದ್ದರೆ ಹಣ ವಾಪಸೋ, ಬೇರೆ ದಿನವೋ?

ಮೊದಲ ಮೂರಕ್ಕೆ ನೇರ ಉತ್ತರ ಬರದಿದ್ದರೆ ಫೋನ್ ಇಟ್ಟುಬಿಡಿ. ಇಬ್ಬರಿಗಿಂತ ಹೆಚ್ಚು ಹೊಸಬರನ್ನು ಒಬ್ಬ ಶಿಕ್ಷಕರ ಪಾಲಿಗೆ ಬಿಡುವ ಕಡೆ ನಾನು ನನ್ನ ಮನೆಯವರನ್ನು ಕಳಿಸುವುದಿಲ್ಲ. ಒಬ್ಬರಿಗೆ ಒಬ್ಬರು ಎಂದರೆ ಇನ್ನೂ ಒಳ್ಳೆಯದು, ಅದಕ್ಕಾಗಿ ಸಾವಿರ ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ದೋಣಿಯ ದಿನ ಖಾತ್ರಿಯಾದ ಮೇಲೆ ಕೋಣೆ. ಮೂರು ರಾತ್ರಿಗೆ ಹಿಡಿಯಿರಿ. ಎರಡು ಸಾಲದೇ ಎನ್ನಬೇಡಿ, ಕಾರಣ ಹನ್ನೊಂದನೆಯ ಹಂತದಲ್ಲಿದೆ.

ಹಂತ 4: ಮೈ ಒಪ್ಪುತ್ತದೆಯೇ ನೋಡಿ

ಈಜು ಬಾರದಿದ್ದರೂ ಹೊಸಬರ ಸ್ಕೂಬಾ ಮಾಡಬಹುದು, ಶಿಕ್ಷಕರು ಉದ್ದಕ್ಕೂ ಹಿಡಿದಿರುತ್ತಾರೆ. ಆದರೆ ಅಸ್ತಮಾ, ಹೃದಯದ ತೊಂದರೆ, ಮೂರ್ಛೆ ರೋಗ, ಕಿವಿಯ ಶಸ್ತ್ರಚಿಕಿತ್ಸೆ ಆಗಿದ್ದವರು ವೈದ್ಯರ ಒಪ್ಪಿಗೆ ಇಲ್ಲದೆ ಇಳಿಯಬಾರದು. ಗರ್ಭಿಣಿಯರು ಇಳಿಯಲೇಬಾರದು. ಹತ್ತು ವರ್ಷದೊಳಗಿನ ಮಕ್ಕಳಿಗೂ ಇಲ್ಲ. ನೆಗಡಿ ಇದ್ದರೆ ಆ ದಿನ ಬೇಡ. ಮೂಗು ಕಟ್ಟಿದ್ದರೆ ಕಿವಿಯೊಳಗಿನ ಒತ್ತಡ ಸರಿದೂಗುವುದಿಲ್ಲ, ಕಿವಿತಮಟೆ ಹರಿಯಬಹುದು.

ಸಂಸ್ಥೆಯವರು ಆರೋಗ್ಯದ ಅರ್ಜಿ ತುಂಬಿಸುತ್ತಾರೆ. ಎಲ್ಲಿ ಬೇಡ ಎನ್ನುತ್ತಾರೋ ಎಂದು ಎಲ್ಲಕ್ಕೂ ‘ಇಲ್ಲ’ ಎಂದು ಬರೆಯುವ ಚಾಳಿ ನಮ್ಮಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಕಾಗದ ನಿಮ್ಮ ಜೀವಕ್ಕೆ ಸಂಬಂಧಿಸಿದ್ದು. ನೀರಿಗೆ ಇಳಿಯಲಾಗದವರು ದೋಣಿಯಲ್ಲಿ ಹೋಗಬಹುದು, ಕೆಲವರು ಲೈಫ್ ಜಾಕೆಟ್ ತೊಟ್ಟು ಮೇಲ್ಮೈಯಲ್ಲೇ ತೇಲುತ್ತ ಸ್ನಾರ್ಕೆಲ್ ಹಾಕಿಕೊಂಡು ನೋಡಬಹುದು. ಹವಳ ಅಲ್ಲಿಂದಲೂ ಕಾಣುತ್ತದೆ.

ಹಂತ 5: ಮನೆಯಲ್ಲೇ ತಾಲೀಮು

ಮೂರು ಸಂಗತಿ ರೂಢಿಯಾದರೆ ನೀರಿನಲ್ಲಿ ಗಾಬರಿ ಅರ್ಧಕ್ಕೆ ಇಳಿಯುತ್ತದೆ.

ಮೊದಲನೆಯದು ಬಾಯಿಯ ಉಸಿರು. ಮೂಗನ್ನು ಬೆರಳಲ್ಲಿ ಹಿಡಿದು ಹತ್ತು ನಿಮಿಷ ಬಾಯಿಯಿಂದಲೇ ನಿಧಾನ, ದೀರ್ಘ ಉಸಿರಾಡಿ. ಮಕ್ಕಳ ಜೊತೆ ಟಿವಿ ನೋಡುತ್ತ ಮಾಡಿದರೂ ಆದೀತು. ನೀರಿನೊಳಗೆ ಎಂದೂ ಉಸಿರು ಬಿಗಿಹಿಡಿಯಬಾರದು. ಇದು ಸ್ಕೂಬಾದ ಮೊದಲ ಕಟ್ಟಳೆ. ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುತ್ತ ಹಿಗ್ಗುತ್ತದೆ, ಉಸಿರು ಹಿಡಿದಿದ್ದರೆ ಶ್ವಾಸಕೋಶಕ್ಕೆ ಪೆಟ್ಟು.

ಎರಡನೆಯದು ಕಿವಿ. ಮೂಗು ಹಿಡಿದು, ಬಾಯಿ ಮುಚ್ಚಿ, ಮೂಗಿನಿಂದ ಹೊರಹಾಕುವಂತೆ ಮೆಲ್ಲಗೆ ಊದಿ. ಕಿವಿಯಲ್ಲಿ ‘ಟಪ್’ ಎಂದರೆ ಸರಿ. ಘಟ್ಟ ಇಳಿಯುವಾಗ ಬಸ್ಸಿನಲ್ಲಿ ಕಿವಿ ಕಟ್ಟುತ್ತದಲ್ಲ, ಆಗ ಮಾಡಿ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಜೋರು ಮಾಡಬಾರದು.

ಮೂರನೆಯದು ಸನ್ನೆ. ಹೆಬ್ಬೆರಳು ಎತ್ತಿ ತೋರಿಸಿದರೆ ‘ಚೆನ್ನಾಗಿದೆ’ ಎಂದು ನಾವು ತಿಳಿಯುತ್ತೇವೆ. ನೀರೊಳಗೆ ಅದರ ಅರ್ಥ ‘ಮೇಲೆ ಹೋಗೋಣ’. ಖುಷಿಯಲ್ಲಿ ಹೆಬ್ಬೆರಳು ಎತ್ತಿದವರನ್ನು ಶಿಕ್ಷಕರು ಮೇಲೆ ತಂದುಬಿಡುತ್ತಾರೆ. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು ತೋರುಬೆರಳು ಕೂಡಿಸಿ ಸೊನ್ನೆ ಮಾಡಿ. ತೊಂದರೆ ಇದ್ದರೆ ಅಂಗೈ ಚಾಚಿ ಅತ್ತಿತ್ತ ಹೊರಳಿಸಿ, ಆಮೇಲೆ ತೊಂದರೆಯ ಜಾಗ ತೋರಿಸಿ.

ಹಂತ 6: ಚೀಲ

ಹಗುರ ಇರಲಿ. ಬೇಗ ಒಣಗುವ ಬಟ್ಟೆ ಎರಡು ಜೊತೆ, ಟವೆಲ್, ಟೋಪಿ, ಬಿಸಿಲಿಗೆ ಹಚ್ಚುವ ಕ್ರೀಮು, ಆಧಾರ್ ಕಾರ್ಡ್, ದಿನದ ಮಾತ್ರೆಗಳು. ಕನ್ನಡಕದವರಿಗೆ ಮಾಸ್ಕಿನೊಳಗೆ ಕನ್ನಡಕ ಹಾಕಲಾಗದು, ಪವರ್ ಇರುವ ಮಾಸ್ಕ್ ಇದೆಯೇ ಎಂದು ಸಂಸ್ಥೆಯವರನ್ನು ಮೊದಲೇ ಕೇಳಿ. ಮಾಂಗಲ್ಯ, ಉಂಗುರ, ಓಲೆ ಮನೆಯಲ್ಲಿಟ್ಟು ಬನ್ನಿ. ತೆಗೆಯಲು ಮನಸ್ಸಿಲ್ಲದ ಹೆಣ್ಣುಮಕ್ಕಳು ವೆಟ್‌ಸೂಟಿನ ಒಳಗೆ ಹೋಗುವಂತೆ ಹತ್ತಿಯ ದಾರದಲ್ಲಿ ಕಟ್ಟಿಕೊಳ್ಳುವುದುಂಟು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಂದು ಡಬ್ಬಿ ಇರಲಿ, ಮೂರನೆಯ ದಿನ ನಮ್ಮ ಕಡೆಯವರಿಗೆ ಅದರ ನೆನಪು ಆಗೇ ಆಗುತ್ತದೆ.

ಹಂತ 7: ದಾರಿ

ಲಕಮನಹಳ್ಳಿಯ ಬಿಆರ್‌ಟಿಎಸ್ ನಿಲ್ದಾಣದಿಂದ ಚಿಗರಿ ಬಸ್ಸು ಹತ್ತಿದರೆ ಹುಬ್ಬಳ್ಳಿ. ಅಲ್ಲಿ ಹಳೇ ನಿಲ್ದಾಣ, ಹೊಸೂರು, ಗೋಕುಲ ರಸ್ತೆ ಎಂದು ಮೂರು ಬಸ್ ನಿಲ್ದಾಣಗಳಿವೆ, ನಿಮ್ಮ ಬಸ್ಸು ಎಲ್ಲಿಂದ ಎಂದು ಟಿಕೆಟ್‌ನಲ್ಲಿ ನೋಡಿಕೊಳ್ಳಿ. ಭಟ್ಕಳ ಕಡೆಗೆ ನೇರ ಬಸ್ಸು ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ಅಂಕೋಲಾ ಅಥವಾ ಕುಮಟಾಕ್ಕೆ ಹೋಗಿ ಅಲ್ಲಿ ಬದಲಿಸಿ. ಕರಾವಳಿಯ ಹೆದ್ದಾರಿಯಲ್ಲಿ ಬಸ್ಸಿಗೆ ಕೊರತೆಯಿಲ್ಲ. ಶಕ್ತಿ ಯೋಜನೆ 2023ರ ಜೂನ್ 11ರಂದು ಬಂದಾಗಿನಿಂದ ವಾಯವ್ಯ ಸಾರಿಗೆಯ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಅದು ನಡೆಯುವುದಿಲ್ಲ.

ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗದ ಕನಸು ದಶಕಗಳಿಂದ ಹಾಗೇ ಉಳಿದಿದೆ. ಈಗ ರೈಲಿನಲ್ಲಿ ಹೋಗುವುದೆಂದರೆ ಲೋಂಡಾ ಮೇಲೆ ಮಡಗಾಂವ್‌ಗೆ ಹೋಗಿ ಕೊಂಕಣ ರೈಲಿನಲ್ಲಿ ಮುರ್ಡೇಶ್ವರಕ್ಕೆ ಇಳಿಯಬೇಕು. ಬಹಳ ಸುತ್ತು.

ಕಾರಿನವರಿಗೆ ಕಲಘಟಗಿ, ಯಲ್ಲಾಪುರ, ಅರೆಬೈಲ್ ಘಟ್ಟ, ಅಂಕೋಲಾ, ಕುಮಟಾ, ಹೊನ್ನಾವರದ ಮೇಲೆ ಹೋಗುವ ದಾರಿ, ಹುಬ್ಬಳ್ಳಿಯಿಂದ ಇನ್ನೂರು ಕಿಲೋಮೀಟರಿಗೆ ಸ್ವಲ್ಪ ಮೇಲೆ. ಅರೆಬೈಲಿನಲ್ಲಿ ಲಾರಿಗಳ ಸಾಲು ಸದಾ ಇರುತ್ತದೆ, ಡಿಸೆಂಬರ್‌ನ ನಸುಕಿನಲ್ಲಿ ಮಂಜೂ ಕವಿಯುತ್ತದೆ. ಬೆಳಿಗ್ಗೆ ಎಂಟರ ಮೇಲೆ ಹೊರಟು ಹಗಲಲ್ಲೇ ಘಟ್ಟ ಇಳಿಯುವುದು ಲೇಸು. ಯಲ್ಲಾಪುರದಲ್ಲಿ ಊಟ ಮುಗಿಸಿಕೊಳ್ಳಿ. ಶಿರಸಿ ಮೇಲಿನ ದೇವಿಮನೆ ಘಟ್ಟದಲ್ಲಿ ರಸ್ತೆ ಕಾಮಗಾರಿಗಾಗಿ ಆಗಾಗ ಸಂಚಾರ ತಡೆಯುತ್ತ ಬಂದಿದ್ದಾರೆ, ಆ ದಾರಿ ಹಿಡಿಯುವವರು ವಿಚಾರಿಸಿ ಹೊರಡಿ.

ಹಂತ 8: ಹಿಂದಿನ ಸಂಜೆ

ಕೋಣೆ ಸೇರಿದ ಕೂಡಲೇ ಸಂಸ್ಥೆಯವರ ಕಚೇರಿಗೆ ಹೋಗಿ ಮುಖ ತೋರಿಸಿ ಬನ್ನಿ. ವೆಟ್‌ಸೂಟಿನ ಅಳತೆ, ಬೆಳಿಗ್ಗೆ ಬರಬೇಕಾದ ಹೊತ್ತು, ದೋಣಿ ಹತ್ತುವ ಜಾಗ ಮೂರನ್ನೂ ಕೇಳಿಕೊಳ್ಳಿ. ಆಮೇಲೆ ದೇವಸ್ಥಾನ. 123 ಅಡಿಯ ಶಿವನ ಮೂರ್ತಿ, ಇಪ್ಪತ್ತು ಅಂತಸ್ತಿನ ರಾಜಗೋಪುರ ಕಟ್ಟಿಸಿದವರು ಇದೇ ಊರಿನಲ್ಲಿ ಹುಟ್ಟಿದ ಆರ್.ಎನ್. ಶೆಟ್ಟಿಯವರು. ಹುಬ್ಬಳ್ಳಿಯವರಿಗೂ ಪರಿಚಿತ ಹೆಸರು. ಗೋಪುರದ ಲಿಫ್ಟಿನಲ್ಲಿ ಮೇಲೆ ಹೋದರೆ ಕಡಲು ಮೂರು ಕಡೆಯೂ ಕಾಣುತ್ತದೆ. ಆಕಾಶ ತಿಳಿಯಿದ್ದರೆ ಪಶ್ಚಿಮದಲ್ಲಿ ನೇತ್ರಾಣಿಯ ಗುಡ್ಡವನ್ನೂ ಹುಡುಕಬಹುದು.

ಸಂಜೆ ಮಕ್ಕಳು ದಂಡೆಗೆ ಓಡುತ್ತಾರೆ. ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಗಿದೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇದೇ ದಂಡೆಯಲ್ಲಿ ಅಲೆಗೆ ಸಿಕ್ಕು ಜೀವ ಕಳೆದುಕೊಂಡರು. ಆಮೇಲೆ ಜಿಲ್ಲಾಡಳಿತ ಕೆಲ ದಿನ ಕಡಲತೀರವನ್ನೇ ಪ್ರವಾಸಿಗರಿಗೆ ಮುಚ್ಚಿತ್ತು. ಬಯಲುಸೀಮೆಯ ನಮಗೆ ಕೆರೆಯ ನೀರು ಗೊತ್ತು, ಹಿಂದಕ್ಕೆ ಎಳೆಯುವ ನೀರು ಗೊತ್ತಿಲ್ಲ. ಮೊಣಕಾಲು ಮಟ್ಟದ ನೀರಲ್ಲಿ ನಿಂತವರನ್ನೂ ಅಲೆ ಮರಳುವಾಗ ಕಾಲಡಿಯ ಮರಳು ಸಮೇತ ಎಳೆಯುತ್ತದೆ. ಕೆಂಪು ಬಾವುಟ ಇರುವ ಕಡೆ ಇಳಿಯಬೇಡಿ, ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡದೆ ಮೇಲೆ ಬನ್ನಿ, ಕತ್ತಲಾದ ಮೇಲೆ ನೀರು ಮುಟ್ಟಬೇಡಿ. ಯಾರನ್ನಾದರೂ ಸೆಳೆತ ಹಿಡಿದರೆ ದಂಡೆಯ ಕಡೆಗೆ ನೇರ ಈಜಲು ಹೋಗದೆ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಈಜು ಬಾರದವರು ಮೇಲ್ಮುಖವಾಗಿ ತೇಲುತ್ತ ಕೈ ಎತ್ತಿ ಕೂಗಬೇಕು.

ರಾತ್ರಿ ಸಾದಾ ಊಟ. ಮದ್ಯ ಬೇಡವೇ ಬೇಡ. ಬೇಗ ಮಲಗಿ.

ಹಂತ 9: ದೋಣಿಯ ಬೆಳಗು

ಮುಂಜಾನೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ನೀರು ಶಾಂತ. ಮಧ್ಯಾಹ್ನವಾಗುತ್ತ ಗಾಳಿ ತಿರುಗಿ ಅಲೆ ಏಳುತ್ತದೆ. ಮೊದಲ ದೋಣಿಯಲ್ಲೇ ಜಾಗ ಕೇಳಿ.

ಹೊಸಬರನ್ನು ಕಾಡುವುದು ಮೀನೂ ಅಲ್ಲ, ಆಳವೂ ಅಲ್ಲ, ವಾಂತಿ. ದೋಣಿ ಒಂದು ಗಂಟೆಗೂ ಹೆಚ್ಚು ಸಾಗುತ್ತದೆ, ಲಂಗರು ಹಾಕಿ ನಿಂತ ಮೇಲೆ ಓಲಾಟ ಇನ್ನೂ ಹೆಚ್ಚು. ಪೂರಾ ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಎರಡು ಇಡ್ಲಿ ಸಾಕು. ಹಾಲು, ಮೊಸರು, ಕರಿದದ್ದು ಬಿಡಿ. ವಾಂತಿ ಮಾತ್ರೆ ತೆಗೆದುಕೊಳ್ಳುವ ವಿಚಾರವಿದ್ದರೆ ಊರಲ್ಲೇ ವೈದ್ಯರನ್ನು ಕೇಳಿ. ಕೆಲವು ಮಾತ್ರೆ ಮಂಪರು ತರುತ್ತವೆ, ಮಂಪರಿನಲ್ಲಿ ಸ್ಕೂಬಾ ಮಾಡಬಾರದು. ದೋಣಿಯ ಹಿಂಭಾಗದಲ್ಲಿ ಕುಳಿತು ದೂರದ ದಿಗಂತ ನೋಡುತ್ತಿರಿ. ಮೊಬೈಲು ನೋಡಿದಿರೋ, ಹೊಟ್ಟೆ ತೊಳೆಸುವುದು ಗ್ಯಾರಂಟಿ. ವಾಂತಿ ಬಂದರೆ ಗಾಳಿ ಹೋಗುವ ದಿಕ್ಕಿಗೆ ಬಾಗಿ ಮುಗಿಸಿ. ನಾಚಿಕೆ ಪಡುವಂಥದ್ದೇನಿಲ್ಲ, ದೋಣಿಯವರು ದಿನವೂ ನೋಡುವುದೇ. “ನೀರಿಗಿಳಿದ್ರೆ ಸರಿಹೋಗ್ತದೆ ಅಕ್ಕ” ಎನ್ನುತ್ತಾರೆ. ಬಹಳ ಜನರಿಗೆ ನಿಜವಾಗಿ ಹಾಗೇ ಆಗುತ್ತದೆ.

ದ್ವೀಪ ಹತ್ತಿರವಾಗುತ್ತಿದ್ದಂತೆ ತಲೆ ಎತ್ತಿ ನೋಡಿ. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಆ ಬಂಡೆಗಳ ಮೇಲಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಮೀನುಗಾರರು ಹರಕೆ ಹೊತ್ತು ಆಡುಗಳನ್ನು ಬಿಟ್ಟುಹೋಗುತ್ತಿದ್ದ ದ್ವೀಪವೂ ಇದೇ.

ಹಂತ 10: ನೀರಿನೊಳಗೆ

ಮಾಸ್ಕಿನ ಗಾಜಿನ ಒಳಮೈಗೆ ಉಗುಳು ಸವರಿ ಕಡಲ ನೀರಲ್ಲಿ ಒಮ್ಮೆ ಜಾಲಿಸಿ. ಮಂಜು ಕಟ್ಟುವುದಿಲ್ಲ. ಅಸಹ್ಯ ಅನ್ನಿಸಬಹುದು, ಆದರೆ ಪಳಗಿದವರೂ ಇದನ್ನೇ ಮಾಡುತ್ತಾರೆ. ಮಾಸ್ಕಿನ ಅಂಚಿನೊಳಗೆ ಒಂದು ಎಳೆ ಕೂದಲು ಸಿಕ್ಕರೂ ನೀರು ಜಿನುಗುತ್ತದೆ, ಹೆಣ್ಣುಮಕ್ಕಳು ಕೂದಲು ಬಿಗಿಯಾಗಿ ಹಿಂದಕ್ಕೆ ಕಟ್ಟಿಕೊಳ್ಳಿ.

ಶಿಕ್ಷಕರು ಮೊದಲು ಮೇಲ್ಮೈಯಲ್ಲೇ ಉಸಿರಾಟ ಮಾಡಿಸುತ್ತಾರೆ. ಇಲ್ಲಿ ಅವಸರ ಬೇಡ. ಉಸಿರು ಹದಕ್ಕೆ ಬರುವವರೆಗೆ ‘ಇನ್ನೊಂದು ನಿಮಿಷ’ ಎಂದು ಕೇಳುವುದು ನಿಮ್ಮ ಹಕ್ಕು. ಸರದಿಯಲ್ಲಿರುವವರು ಕಾಯಲಿ. ಮುಖ ನೀರಿಗಿಟ್ಟ ಮೊದಲ ಕ್ಷಣ ಮೈ ಬೇಡ ಎನ್ನುತ್ತದೆ. ಬಾಯಿಯಿಂದ ಎಳೆದು, ಗುಳ್ಳೆ ಬಿಡುತ್ತ ಹತ್ತು ಉಸಿರು ಎಣಿಸಿ. ಗುಳ್ಳೆಯ ಸದ್ದು ಒಂದು ಲಯಕ್ಕೆ ಬಂದ ಮೇಲೆ ಮೈ ತಾನಾಗಿ ಒಪ್ಪುತ್ತದೆ. ಇಳಿಯುವಾಗ ಪ್ರತಿ ಮೀಟರಿಗೂ ಕಿವಿ ಬಿಡಿಸಿಕೊಳ್ಳಿ. ನೋವು ಬರುವ ಮುಂಚೆಯೇ ಮಾಡಬೇಕು. ನೋವು ಬಂದರೆ ಸನ್ನೆ ಮಾಡಿ ಸ್ವಲ್ಪ ಮೇಲೆ ಬನ್ನಿ.

ಹೊಸಬರನ್ನು 12 ಮೀಟರಿಗಿಂತ ಕೆಳಗೆ ಒಯ್ಯುವಂತಿಲ್ಲ, ಅಷ್ಟು ದೂರವೂ ಬೇಕಾಗುವುದಿಲ್ಲ. ಆರೇಳು ಮೀಟರಿನಲ್ಲೇ ಬಂಡೆಗೆ ಅಂಟಿದ ಹವಳ, ಅದನ್ನು ಮೇಯುವ ಗಿಳಿಮೀನು, ಹಳದಿ ಪಟ್ಟೆಯ ಚಿಟ್ಟೆಮೀನು ಸಿಗುತ್ತವೆ. ಬಿರುಕುಗಳಲ್ಲಿ ಬಾಯಿ ತೆರೆದು ಮುಚ್ಚುವ ಮೊರೇ ಹಾವುಮೀನು ಕಂಡರೆ ಹೆದರಬೇಡಿ, ಅದು ಉಸಿರಾಡುವ ರೀತಿ ಅದು. ಕೈ ಚಾಚಬೇಡಿ, ಅಷ್ಟೇ. ಅದೃಷ್ಟವಿದ್ದರೆ ಆಮೆ.

ಯಾವುದನ್ನೂ ಮುಟ್ಟಬೇಡಿ, ಯಾವುದರ ಮೇಲೂ ನಿಲ್ಲಬೇಡಿ. ಹವಳ ಕಲ್ಲಿನಂತೆ ಕಂಡರೂ ಜೀವಿಗಳ ಊರು. ವರ್ಷಕ್ಕೆ ಬೆರಳಗಲವೂ ಬೆಳೆಯದ ಜಾತಿಗಳಿವೆ, ಒಂದು ಒದೆಗೆ ದಶಕಗಳ ಬೆಳವಣಿಗೆ ಹೋಗುತ್ತದೆ. ಒಂದು ತುಂಡು ನೆನಪಿಗೆಂದು ಜೇಬಿಗೆ ಹಾಕಿಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ ದೋಣಿಯಿಂದ ಹಾರದಂತೆ ಚೀಲದೊಳಗೆ ಇಡಿ. ನೇತ್ರಾಣಿಯ ಹವಳದಂಡೆ ಚಿಕ್ಕದು. ಕ್ರಿಸ್‌ಮಸ್ ವಾರದಲ್ಲಿ ಅದರ ಮೇಲೆ ಬೀಳುವ ಜನಸಂದಣಿ ದೊಡ್ಡದು. ನಮ್ಮ ಕಾಲು ಎಲ್ಲಿದೆ ಎಂಬ ಗಮನ ಪ್ರತಿಯೊಬ್ಬರಿಗೂ ಬೇಕು.

ಹಂತ 11: ಒಂದು ದಿನ ದಂಡೆಯಲ್ಲೇ ಉಳಿಯಿರಿ

ಬೆಂಗಳೂರಿನವರಿಗಾಗಲಿ ನಮಗಾಗಲಿ ಹೆಚ್ಚಾಗಿ ಯಾರೂ ಹೇಳದ ವಿಷಯ ಇದು. ನೀರಿನಡಿಯ ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ ಹೆಚ್ಚಾಗಿ ಕರಗುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಹೊರಹೋಗಬೇಕು. ಅಷ್ಟರಲ್ಲಿ ಎತ್ತರದ ಜಾಗಕ್ಕೆ ಹೋದರೆ, ಗೋಲಿ ಸೋಡಾದ ಗೋಲಿ ಒತ್ತಿದಾಗ ಆಗುವಂತೆ, ಒತ್ತಡ ಇಳಿದು ಗುಳ್ಳೆ ಏಳುವ ಸಾಧ್ಯತೆ ಇದೆ. ಅದಕ್ಕೇ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಸೂಚನೆಯಂತೆ, ಒಮ್ಮೆ ಮುಳುಗಿದವರು ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ಕಾಯಬೇಕು.

ನಾವು ವಿಮಾನ ಹತ್ತುವುದಿಲ್ಲವಲ್ಲ ಎನ್ನಬಹುದು. ಆ ಸೂಚನೆ ಅನ್ವಯಿಸುವುದು 2,000 ಅಡಿಯಿಂದ, ಅಂದರೆ ಸುಮಾರು 610 ಮೀಟರ್ ಎತ್ತರದಿಂದ. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಬೆಳಿಗ್ಗೆ ಮುಳುಗಿ, ಮಧ್ಯಾಹ್ನ ಊಟ ಮಾಡಿ, ಸಂಜೆ ಘಟ್ಟ ಹತ್ತಿ ರಾತ್ರಿ ಮನೆ ಸೇರುವ ಯೋಜನೆ ಆ ಗೆರೆಯನ್ನು ದಾಟುತ್ತದೆ. ಆಳ ಕಡಿಮೆಯಿರುವ ಹೊಸಬರ ಸ್ಕೂಬಾದಲ್ಲಿ ಅಪಾಯ ಚಿಕ್ಕದು. ಆದರೂ ಒಂದು ರಾತ್ರಿ ದಂಡೆಯಲ್ಲಿ ಕಳೆದರೆ ತಪ್ಪುವ ಅಪಾಯವನ್ನು ಮೈಮೇಲೆ ಏಕೆ ಎಳೆದುಕೊಳ್ಳಬೇಕು? 

ಕಾಯುವ ದಿನಕ್ಕೆ ಕೆಳಗೇ ಬೇಕಾದಷ್ಟಿದೆ. ಇಡಗುಂಜಿಯ ಗಣಪತಿ, ಅಪ್ಸರಕೊಂಡದ ಚಿಕ್ಕ ಜಲಪಾತ, ಹೊನ್ನಾವರದ ಬಳಿ ಶರಾವತಿಯ ಕಾಂಡ್ಲಾ ಕಾಡಿನ ನಡುವೆ ಹಲಗೆಯ ಕಾಲುದಾರಿ, 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಾಸರಕೋಡು ಕಡಲತೀರ. 24ರ ಸಂಜೆಯಾದರೆ ಹೊನ್ನಾವರ ಕಡೆಯ ಚರ್ಚುಗಳಲ್ಲಿ ಗೋದಲಿ ಕಟ್ಟಿರುತ್ತಾರೆ, ರಾತ್ರಿ ಕೊಂಕಣಿಯಲ್ಲಿ ಬಲಿಪೂಜೆ. ಹೊರಗಿನವರೂ ಹಿಂದಿನ ಸಾಲಿನಲ್ಲಿ ಸುಮ್ಮನೆ ನಿಂತು ನೋಡಬಹುದು. ಪರಿಚಯದ ಮನೆಯಿದ್ದರೆ ಕುಸ್ವಾರಿನ ತಟ್ಟೆ ಬಂದೇ ಬರುತ್ತದೆ: ಎಳ್ಳು ಕೊಬ್ಬರಿ ತುಂಬಿದ ನೆವ್ರಿ, ಸಕ್ಕರೆ ಹೊದ್ದ ಕಿಡಿಯೊ. ನಮ್ಮ ಕರ್ಜಿಕಾಯಿ ತಿಂದವರಿಗೆ ನೆವ್ರಿ ಹೊಸದಲ್ಲ.

ಹಂತ 12: ಘಟ್ಟ ಹತ್ತಿ ಮನೆಗೆ

ಶುಕ್ರವಾರ ತಿಂಡಿ ಮುಗಿಸಿ ಹೊರಡಿ. ಎದುರಿನಿಂದ ಕರಾವಳಿಗೆ ಬರುವ ವಾಹನಗಳ ದಂಡು ಇರುತ್ತದೆ, ಅರೆಬೈಲಿನ ತಿರುವುಗಳಲ್ಲಿ ಓವರ್‌ಟೇಕ್ ಬೇಡ.

ಮನೆಗೆ ಬಂದ ಮೇಲೆ ಒಂದೆರಡು ದಿನ ಮೈ ಗಮನಿಸಿ. ಕಿವಿ ಮುಚ್ಚಿದಂತಿದ್ದು ನೋವಿಲ್ಲದಿದ್ದರೆ ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ನೋವು, ಸೋರಿಕೆ, ಕೇಳಿಸದಿರುವುದು ಇದ್ದರೆ ಕಿವಿಯ ವೈದ್ಯರ ಬಳಿ ಹೋಗಿ. ಕೀಲುನೋವು, ಚರ್ಮದಲ್ಲಿ ಜುಮುಜುಮು, ಕೈಕಾಲು ಜೋಮು, ತಲೆಸುತ್ತು, ಕಾರಣವಿಲ್ಲದ ಸುಸ್ತು, ಉಸಿರಾಟದ ತೊಂದರೆ ಇವುಗಳಲ್ಲಿ ಯಾವುದು ಕಂಡರೂ ಪ್ರಯಾಣದ ದಣಿವೆಂದು ಮಲಗಬೇಡಿ. ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಲಕಮನಹಳ್ಳಿಯವರಿಗೆ ಸತ್ತೂರಿನ ಎಸ್‌ಡಿಎಂ ಪಕ್ಕದಲ್ಲೇ ಇದೆ. ತುರ್ತು ವಿಭಾಗದಲ್ಲಿ ಮೊದಲ ಮಾತಾಗಿ “ಸ್ಕೂಬಾ ಮಾಡಿ ಬಂದೇನ್ರಿ” ಎಂದು ಹೇಳಿ, ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಆಳ ಎಂಬುದನ್ನೂ ಸೇರಿಸಿ. ಸಮುದ್ರದಿಂದ ದೂರದ ಊರಿನಲ್ಲಿ ವೈದ್ಯರಿಗೆ ಅದು ತಟ್ಟನೆ ಹೊಳೆಯಬೇಕೆಂದಿಲ್ಲ. ಹೇಳಿದರೆ ಶುದ್ಧ ಆಮ್ಲಜನಕ ಹಚ್ಚುವುದು ತಡವಾಗುವುದಿಲ್ಲ. ಅದಕ್ಕಾಗಿ ಸಂಸ್ಥೆಯವರಿಂದ ಆಳ ಮತ್ತು ಹೊತ್ತನ್ನು ಕೇಳಿ ಒಂದು ಚೀಟಿಯಲ್ಲಿ ಬರೆಸಿಕೊಂಡು ಬಂದಿರಿ.